ಡಿಫ್ಯೂಸರ್‌ಗೆ ಯಾವ ಎಣ್ಣೆ? ಮೊದಲು ಬಾಟಲಿ ನೋಡಿ, ಆಮೇಲೆ ಯಂತ್ರ

ಮುಂಬೈಯಲ್ಲಿ ಮಳೆ ಶುರುವಾಗಿ ಹದಿನೈದು ದಿನ ಆಗುವುದರೊಳಗೆ ನನಗೆ ಒಂದೇ ಬಗೆಯ ಫೋನ್ ಬರುತ್ತವೆ. ಮನೆಯಲ್ಲಿ ಒದ್ದೆ ಬಟ್ಟೆಯ ವಾಸನೆ, ಕಪಾಟಿನಲ್ಲಿ ಬೂಷ್ಟು. ಅದಕ್ಕೆ ಅಂತ ಪರಿಮಳ ಹರಡುವ ಒಂದು ಡಿಫ್ಯೂಸರ್ ತಂದಿರುತ್ತಾರೆ. ನಾಲ್ಕು ದಿನ ಚೆನ್ನಾಗಿ ಮಂಜು ಬರುತ್ತದೆ. ಐದನೇ ದಿನ ಇಲ್ಲ. ಹೋದ ಮಳೆಗಾಲದಲ್ಲಿ ಮಾಟುಂಗಾದಿಂದ ನಮ್ಮ ಅತ್ತೆ ಫೋನ್ ಮಾಡಿದ್ದರು.

"ಯಂತ್ರ ಸತ್ತೇ ಹೋಯ್ತು ಮಾರಾಯ್ತಿ. ಲೈಟ್ ಉರೀತದೆ, ಹೊಗೆ ಬರೂದಿಲ್ಲ."

"ಎಂತ ಹಾಕಿದ್ರಿ ಅತ್ತೆ?"

"ಎಂತದ್ದೂ ಇಲ್ಲ. ತೆಂಗಿನೆಣ್ಣೆ ಸ್ವಲ್ಪ ಬಿಸಿ ಮಾಡಿ ಕರ್ಪೂರ ಕರಗಿಸಿ ಹಾಕಿದ್ದು. ಒಳ್ಳೇದಲ್ವಾ?"

ಕರ್ಪೂರವೂ ಒಳ್ಳೆಯದೇ, ತೆಂಗಿನೆಣ್ಣೆಯೂ ಒಳ್ಳೆಯದೇ. ಆ ಯಂತ್ರಕ್ಕೆ ಮಾತ್ರ ಎರಡೂ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಚೆಂದ ಕಂಡ ಯಂತ್ರ ತರುತ್ತಾರೆ, ಮನೆಯಲ್ಲಿದ್ದ ಎಣ್ಣೆ ಸುರಿಯುತ್ತಾರೆ. ಕ್ರಮ ತಿರುಗುಮುರುಗಾಗಬೇಕು. ಎಣ್ಣೆ ತೆಳುವೋ ದಪ್ಪವೋ, ಆರಿ ಹೋಗುತ್ತದೋ ಜಿಡ್ಡು ಉಳಿಸುತ್ತದೋ ಅನ್ನುವುದು ಮೊದಲು ಗೊತ್ತಾಗಬೇಕು. ಅದಕ್ಕೆ ಯಾವ ಯಂತ್ರ ಅನ್ನುವುದು ಆಮೇಲೆ.

ಶುರು ಮಾಡುವ ಮುಂಚೆ ಇಷ್ಟನ್ನು ಹತ್ತಿರ ಇಟ್ಟುಕೊಳ್ಳಿ: ಒಂದು ಬಿಳಿ ಹಾಳೆ, ಗಾಜಿನ ಲೋಟ, ಹನಿ ಹಾಕುವ ಡ್ರಾಪರ್, ಕಿವಿಗೆ ಹಾಕುವ ಹತ್ತಿಕಡ್ಡಿ, ಬಿಳಿ ವಿನೆಗರ್, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್, ಒಂದು ಮೆತ್ತನೆ ಬಟ್ಟೆ. ಅಳತೆಗೆ ಒಂದು ಲೆಕ್ಕ ನೆನಪಿರಲಿ. ಸುಮಾರು 20 ಹನಿ ಅಂದರೆ 1 ಮಿಲಿ.

## ಹಂತ 1: ಬಾಟಲಿಯಲ್ಲಿ ಇರುವುದು ಏನು ಅಂತ ಪತ್ತೆ ಮಾಡಿ

ಲೇಬಲ್ ನಂಬಬೇಡಿ. 'ಅರೋಮಾ ಆಯಿಲ್' ಅಂತ ಬರೆದ ಬಾಟಲಿಯಲ್ಲಿ ಏನೂ ಇರಬಹುದು. ಮೂರು ಪರೀಕ್ಷೆ ಸಾಕು, ಹತ್ತೇ ನಿಮಿಷದ ಕೆಲಸ. ಮೊದಲನೆಯದಕ್ಕೆ ಮಾತ್ರ ಒಂದು ರಾತ್ರಿ ಕಾಯಬೇಕು.

ಹಾಳೆಯ ಪರೀಕ್ಷೆ. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಡಿ. ಪಕ್ಕದಲ್ಲಿ ಹೋಲಿಕೆಗೆ ಒಂದು ಹನಿ ಅಡುಗೆ ಎಣ್ಣೆ ಬಿಡಿ. ಬೆಳಿಗ್ಗೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಅಡುಗೆ ಎಣ್ಣೆಯ ಜಾಗ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಪಾರದರ್ಶಕವಾಗಿ ಉಳಿದಿರುತ್ತದೆ. ನೀಲಗಿರಿ, ಕಿತ್ತಳೆ, ನಿಂಬೆಯಂಥ ಅಸಲಿ ಸುಗಂಧ ತೈಲ ಹೆಚ್ಚುಕಡಿಮೆ ಕುರುಹೇ ಇಲ್ಲದೆ ಆರಿ ಹೋಗಿರುತ್ತದೆ. ನಿಮ್ಮ ಹನಿಯೂ ಜಿಡ್ಡು ಉಳಿಸಿದ್ದರೆ ಅದರಲ್ಲಿ ತೆಂಗಿನೆಣ್ಣೆ, ಬಾದಾಮಿ ಎಣ್ಣೆ, ಪ್ಯಾರಾಫಿನ್ ಥರದ್ದು ಏನೋ ಬೆರೆತಿದೆ. ಇದಕ್ಕೆ ಒಂದು ಹೊರತು ಉಂಟು. ಶ್ರೀಗಂಧ, ಲಾವಂಚ, ಪಚೋಲಿ ಇವು ಅಸಲಿಯಾಗಿದ್ದರೂ ನಿಧಾನಕ್ಕೆ ಆರುತ್ತವೆ, ಸ್ವಲ್ಪ ಬಣ್ಣವನ್ನೂ ಬಿಡುತ್ತವೆ. ಅವುಗಳಿಗೆ ಒಂದು ದಿನ ಹೆಚ್ಚಿಗೆ ಕೊಡಿ.

ಬಾಗಿಸುವ ಪರೀಕ್ಷೆ. ಬಾಟಲಿಯನ್ನು ಅಡ್ಡ ಮಾಡಿ, ಒಳಗಿನ ಎಣ್ಣೆ ಗಾಜಿನ ಮೇಲೆ ಹೇಗೆ ಇಳಿಯುತ್ತದೆ ನೋಡಿ. ನೀರಿನ ಹಾಗೆ ಓಡಿದರೆ ತೆಳು. ಜೇನಿನ ಹಾಗೆ ತೆವಳಿದರೆ ದಪ್ಪ. ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನ ಸುಗಂಧ ತೈಲದ ಅಂಗಡಿಯವರ ಹತ್ತಿರ ಮಾತಾಡುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: "ಪತ್ಲಾ ಹೈ ಯಾ ಗಾಢಾ?" ಹೆಸರು, ಕಂಪನಿ ಎಲ್ಲ ಆಮೇಲೆ ಕೇಳಿ.

ನೀರಿನ ಪರೀಕ್ಷೆ. ಅರ್ಧ ಲೋಟ ನೀರಿಗೆ ಎರಡು ಹನಿ ಹಾಕಿ ಕಲಕಿ. ಎಣ್ಣೆ ಮೇಲೆ ತೇಲಿದರೆ ಅದು ಮಾಮೂಲಿ ತೈಲ. ನೀರು ಹಾಲಿನ ಹಾಗೆ ಬೆಳ್ಳಗಾಗಿ ಹಾಗೇ ನಿಂತರೆ ಅದರಲ್ಲಿ ನೀರಿಗೆ ಬೆರೆಯಲು ಸೋಪಿನಂಥ ವಸ್ತು ಸೇರಿಸಿದ್ದಾರೆ. 'ವಾಟರ್ ಸಾಲ್ಯುಬಲ್' ಅಂತ ಮಾರುವುದು ಇದನ್ನೇ. ಇದು ಮುಂದೆ ಹೇಳುವ ತಟ್ಟೆಯ ಯಂತ್ರಕ್ಕೆ ಮಾತ್ರ ಆಗುತ್ತದೆ.

ಈಗ ನಿಮ್ಮ ಬಾಟಲಿ ಈ ನಾಲ್ಕರಲ್ಲಿ ಒಂದು ಗುಂಪಿಗೆ ಸೇರಿತು: ತೆಳು ತೈಲ, ದಪ್ಪ ತೈಲ, ಜಿಡ್ಡೆಣ್ಣೆ ಬೆರೆತದ್ದು, ನೀರಿಗೆ ಬೆರೆಯುವುದು. ಬಾಟಲಿ ಮೇಲೆ ಪೆನ್ನಲ್ಲಿ ಬರೆದೇ ಬಿಡಿ. ಮುಂದಿನ ವಾರ ಮರೆತಿರುತ್ತೀರಿ.

## ಹಂತ 2: ನಿಮ್ಮ ಹತ್ತಿರ ಇರುವುದು ಯಾವ ಯಂತ್ರ?

ಎಲ್ಲದಕ್ಕೂ ಡಿಫ್ಯೂಸರ್ ಅನ್ನುತ್ತಾರೆ. ಒಳಗೆ ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ.

ತಟ್ಟೆಯ ಯಂತ್ರ. ಮುಚ್ಚಳ ತೆಗೆದರೆ ನೀರಿನ ತೊಟ್ಟಿ, ಅದರ ತಳದಲ್ಲಿ ಎಂಟಾಣೆ ಅಗಲದ ಒಂದು ತಟ್ಟೆ. ಈ ತಟ್ಟೆ ಸೆಕೆಂಡಿಗೆ ಹತ್ತಾರು ಲಕ್ಷ ಸಲ ಅದುರುತ್ತದೆ. ಸಾಮಾನ್ಯವಾಗಿ 17 ಲಕ್ಷ ಅಥವಾ 24 ಲಕ್ಷ ಸಲ. ನೀರು ಕಾಯದೆಯೇ ಮಂಜಾಗಿ ಏಳುತ್ತದೆ.

ಜಾಲರಿಯ ಯಂತ್ರ. ಯುಎಸ್‌ಬಿ ತಂತಿಗೆ ಸಿಕ್ಕಿಸುವ, ಅಗ್ಗದ, ಲೋಟದ ಆಕಾರದ್ದು. ಕ್ರಾಫರ್ಡ್ ಮಾರ್ಕೆಟ್ ಕಡೆ ರಾಶಿ ರಾಶಿ ಇರುತ್ತವೆ. ಮುಚ್ಚಳದ ಕೆಳಗೆ ಹತ್ತಿಯ ಒಂದು ಕಡ್ಡಿ ನೀರಿಗೆ ಇಳಿಬಿದ್ದಿರುತ್ತದೆ. ಅದು ನೀರು ಹೀರಿ ಮೇಲಿನ ತಟ್ಟೆಗೆ ಮುಟ್ಟಿಸುತ್ತದೆ. ಆ ತಟ್ಟೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಇದರ ಅಸಲಿ ಹೆಸರು ಹ್ಯುಮಿಡಿಫೈಯರ್. ಮಾರುವಾಗ ಮಾತ್ರ ಡಿಫ್ಯೂಸರ್.

ಗಾಜಿನ ನೆಬ್ಯುಲೈಸಿಂಗ್ ಡಿಫ್ಯೂಸರ್. ನೀರಿಲ್ಲ. ಪುಟ್ಟ ಗಾಳಿ ಪಂಪು, ಸಣ್ಣ ಗಾಜಿನ ಕೊಳವೆ. ಗಾಳಿ ಜೋರಾಗಿ ಕೊಳವೆಯ ಬಾಯಿ ದಾಟುವಾಗ ಎಣ್ಣೆಯನ್ನು ಕೆಳಗಿನಿಂದ ಎಳೆದು ಚೂರು ಚೂರು ಮಾಡುತ್ತದೆ.

ಕಡ್ಡಿ ಬಾಟಲಿ. ಕಿರಿದಾದ ಬಾಯಿಯ ಬಾಟಲಿ, ಅದರಲ್ಲಿ ಆರೆಂಟು ಬೆತ್ತದ ಕಡ್ಡಿ. ಕರೆಂಟೂ ಬೇಡ, ಬೆಂಕಿಯೂ ಬೇಡ.

ಬಿಸಿಯಲ್ಲಿ ಕೆಲಸ ಮಾಡುವವು. ಕೆಳಗೆ ಮೇಣದ ದೀಪ ಇಡುವ ಪಿಂಗಾಣಿ ಬಟ್ಟಲು, ಪ್ಲಗ್ಗಿಗೆ ಸಿಕ್ಕಿಸುವ ಕರ್ಪೂರದಾನಿ, ಸೊಳ್ಳೆ ಓಡಿಸುವ ಬಾಟಲಿಯ ಯಂತ್ರ.

ಕಾರಿನ ಎಸಿ ಕಿಂಡಿಗೆ ಸಿಕ್ಕಿಸುವ ಉಣ್ಣೆಬಟ್ಟೆಯ ಬಿಲ್ಲೆಯೂ ಇದೆ. ಅದಕ್ಕೆ ತೆಳು ತೈಲ ಎರಡು ಹನಿ. ಮುಗಿಯಿತು.

## ಹಂತ 3: ಜೋಡಿ ಕೂಡಿಸಿ

ತಟ್ಟೆಯ ಯಂತ್ರಕ್ಕೆ ತೆಳು ತೈಲ ಅಥವಾ ನೀರಿಗೆ ಬೆರೆಯುವ ಎಣ್ಣೆ. ಅಳತೆ 100 ಮಿಲಿ ನೀರಿಗೆ 3ರಿಂದ 5 ಹನಿ. ಜಾಸ್ತಿ ಹಾಕಿದರೆ ಜಾಸ್ತಿ ಪರಿಮಳ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಾಗುವುದಿಲ್ಲ. ಹೆಚ್ಚಾದ ಎಣ್ಣೆ ತೊಟ್ಟಿಯ ಗೋಡೆಗೂ ತಟ್ಟೆಗೂ ಪೊರೆಯಾಗಿ ಅಂಟುತ್ತದೆ. ಆಮೇಲೆ ತಟ್ಟೆ ಅದುರಿದರೂ ನೀರು ಮಂಜಾಗಿ ಏಳುವುದಿಲ್ಲ. ತೆಂಗಿನೆಣ್ಣೆ, ಎಳ್ಳೆಣ್ಣೆ, ಬೇವಿನೆಣ್ಣೆ ಒಂದು ಹನಿಯೂ ಬೇಡ. ಕರ್ಪೂರವೂ ಬೇಡ. ಬಿಸಿ ಎಣ್ಣೆಯಲ್ಲಿ ಜಾಸ್ತಿ ಕರಗಿಸಿದ ಕರ್ಪೂರ ತಣ್ಣಗಾದಾಗ ಮತ್ತೆ ಬಿಳಿ ಹರಳಾಗಿ ಬೇರೆಯಾಗಬಹುದು. ಅತ್ತೆಯ ಯಂತ್ರದ ತಟ್ಟೆಯ ಮೇಲೆ ನಾನು ಕಂಡದ್ದು ಅದನ್ನೇ. ಉಗುರಿನಿಂದ ಕೆರೆದರೆ ಬರುವ ಬಿಳಿ ಪುಡಿ, ಅದರ ಕೆಳಗೆ ಜಾರುವ ಎಣ್ಣೆ.

ಜಾಲರಿಯ ಯಂತ್ರಕ್ಕೆ ಯಾವ ಎಣ್ಣೆಯೂ ಬೇಡ. ಅಂಗಡಿಯವನು ಏನೇ ಹೇಳಲಿ. ಹತ್ತಿಕಡ್ಡಿ ಎಣ್ಣೆ ಕುಡಿದರೆ ನೀರು ಹೀರುವುದನ್ನು ನಿಲ್ಲಿಸುತ್ತದೆ. ತೂತುಗಳು ಮುಚ್ಚಿ ಹೋಗುತ್ತವೆ. ಮೊದಲ ಯಂತ್ರವನ್ನು ನಾನೂ ಹೀಗೇ ಹಾಳು ಮಾಡಿಕೊಂಡೆ. ಮೂರು ದಿನ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿದೆ, ನಾಲ್ಕನೇ ದಿನ ಗುಂಯ್ ಅನ್ನುವ ಸದ್ದು ಮಾತ್ರ. ಪರಿಮಳ ಬೇಕೇ ಬೇಕು ಅಂದರೆ ಸ್ವಲ್ಪ ಹತ್ತಿಗೆ ಎರಡು ಹನಿ ಹಾಕಿ ಯಂತ್ರದ ಪಕ್ಕ ಇಡಿ. ಒಳಗೆ ಬರೀ ನೀರು.

ಗಾಜಿನ ಯಂತ್ರಕ್ಕೆ ಅಸಲಿ ತೆಳು ತೈಲ, ನೀರು ಬೆರೆಸದೆ. ಕಿತ್ತಳೆ, ನಿಂಬೆ, ನೀಲಗಿರಿ, ಲ್ಯಾವೆಂಡರ್, ಮಜ್ಜಿಗೆ ಹುಲ್ಲು ಚೆನ್ನಾಗಿ ನಡೆಯುತ್ತವೆ. ಶ್ರೀಗಂಧ, ಲಾವಂಚ, ಪಚೋಲಿ ಒಂಟಿಯಾಗಿ ಹಾಕಿದರೆ ಕೊಳವೆ ಕಟ್ಟುತ್ತದೆ. ಆ ಪರಿಮಳವೇ ಬೇಕಾದರೆ ಒಂದು ಪಾಲು ದಪ್ಪ ತೈಲಕ್ಕೆ ಮೂರು ಪಾಲು ಕಿತ್ತಳೆ ತೈಲ ಬೆರೆಸಿ, ಬಾಟಲಿ ಬಾಗಿಸಿ ಇನ್ನೊಮ್ಮೆ ನೋಡಿ. ನೀರಿನ ಹಾಗೆ ಓಡಿದರೆ ಮಾತ್ರ ಯಂತ್ರಕ್ಕೆ. ಮಲ್ಲಿಗೆ ಆಬ್ಸಲ್ಯೂಟ್‌ನಲ್ಲಿ, ಅಂದರೆ ದ್ರಾವಕ ಬಳಸಿ ತೆಗೆದ ಹೂವಿನ ಸಾರದಲ್ಲಿ, ಹೂವಿನ ಮೇಣದ ಅಂಶ ಇರಬಹುದು, ಅದನ್ನು ಇಲ್ಲಿ ಬಳಸಬೇಡಿ. ಇದು ಎಣ್ಣೆಯನ್ನು ಗಟಗಟ ಕುಡಿಯುವ ಯಂತ್ರ. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಜೇಬಿಗೂ ಒಳ್ಳೆಯದು, ತಲೆಗೂ ಒಳ್ಳೆಯದು.

ಕಡ್ಡಿ ಬಾಟಲಿಗೆ ಎಣ್ಣೆಯ ಜೊತೆ ಬೇಸ್, ಅಂದರೆ ಎಣ್ಣೆಯನ್ನು ಬೆರೆಸಿಡುವ ದ್ರವ, ಬೇಕು. ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಡಿಪಿಜಿ ಅಂತ ಕೇಳಿ. ಅದು ಬಣ್ಣವಿಲ್ಲದ, ವಾಸನೆ ಇಲ್ಲದ ಒಂದು ಗ್ಲೈಕಾಲ್. 100 ಮಿಲಿ ಬಾಟಲಿಗೆ 75 ಮಿಲಿ ಡಿಪಿಜಿ, 25 ಮಿಲಿ ತೈಲ. ಬೆರೆಸುವ ಮುಂಚೆ ಚಮಚದಲ್ಲಿ ಒಂದು ಪ್ರಯೋಗ ಮಾಡಿ. ಮೂರು ಹನಿ ಡಿಪಿಜಿಗೆ ಒಂದು ಹನಿ ತೈಲ. ತಿಳಿಯಾಗಿ ನಿಂತರೆ ಸರಿ. ಮಬ್ಬಾದರೆ ಅಥವಾ ಎರಡು ಪದರವಾದರೆ ಆ ಜೋಡಿ ಬೇಡ.

ಮೊಹಮ್ಮದ್ ಅಲಿ ರೋಡಿನಿಂದ ಅಗ್ಗದ ಅತ್ತರು ತಂದು ಇದಕ್ಕೆ ಸುರಿದವರು ಬಹಳ ಜನ. ಅಂಥ ಅತ್ತರನ್ನು ಕೆಲವೊಮ್ಮೆ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಮಾಡಿರುತ್ತಾರೆ. ಪ್ಯಾರಾಫಿನ್ ಡಿಪಿಜಿಯ ಜೊತೆ ಸೇರುವುದಿಲ್ಲ. ಅತ್ತರು ಮೇಲೆ ನಿಲ್ಲುತ್ತದೆ, ಕಡ್ಡಿ ಕೆಳಗಿನ ವಾಸನೆ ಇಲ್ಲದ ಡಿಪಿಜಿಯನ್ನು ಹೀರುತ್ತದೆ. "ವಾಸನೆಯೇ ಇಲ್ಲ, ಮೋಸ ಮಾಡಿದ" ಅಂತ ಅಂಗಡಿಯವನಿಗೆ ಬೈಗುಳ. ಅತ್ತರನ್ನು ಮೈಗೆ ಹಚ್ಚಿಕೊಳ್ಳಿ, ಅದು ಅದಕ್ಕೇ ಇರುವುದು.

ಕಡ್ಡಿ ಬೆತ್ತದ್ದೇ ಆಗಬೇಕು. ಬೆತ್ತದ ಒಳಗೆ ಉದ್ದಕ್ಕೂ ಸಣ್ಣ ಕೊಳವೆಗಳಿವೆ. ಬಿದಿರಿಗೆ ಗಂಟುಗಳಿರುವುದರಿಂದ ಎಣ್ಣೆ ಅಲ್ಲೇ ನಿಲ್ಲುತ್ತದೆ. ಕಬಾಬಿನ ಕಡ್ಡಿ ಹಾಕಿ ನೋಡಿದವರಿಗೆ ಇದು ಗೊತ್ತು.

ಪಿಂಗಾಣಿ ಬಟ್ಟಲಿಗೆ ಮೊದಲು ನೀರು, ಅದರ ಮೇಲೆ 4–5 ಹನಿ. ದಪ್ಪ ತೈಲಕ್ಕೆ ಇದೇ ವಾಸಿ, ಬಿಸಿಗೆ ಅದು ಸಡಿಲವಾಗುತ್ತದೆ. ನೀರಿಲ್ಲದೆ ಬರೀ ಎಣ್ಣೆ ಹಾಕಬೇಡಿ. ನೀಲಗಿರಿ ಎಣ್ಣೆ ಸುಮಾರು 50 ಡಿಗ್ರಿಗೆ ಬಿಸಿಯಾದರೆ ಅದರ ಆವಿಗೆ ಬೆಂಕಿ ಹತ್ತಬಹುದು. ಕಿತ್ತಳೆ ಎಣ್ಣೆಯೂ ಹಾಗೇ. ಕೆಳಗೆ ಉರಿಯುವ ದೀಪ ಇದೆ ಅನ್ನುವುದು ನೆನಪಿರಲಿ.

ಕರ್ಪೂರದಾನಿಗೆ ಕರ್ಪೂರ ಮಾತ್ರ, ಒಂದು ಅಥವಾ ಎರಡು ಬಿಲ್ಲೆ. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಇಡಬೇಡಿ. ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿಕೊಂಡರೆ ಸ್ವಲ್ಪ ಕರ್ಪೂರವೂ ಚಿಕ್ಕ ಮಗುವಿಗೆ ಫಿಟ್ಸ್ ತರಬಹುದು.

ಸೊಳ್ಳೆ ಯಂತ್ರದ ಖಾಲಿ ಬಾಟಲಿಗೆ ಬೇವಿನೆಣ್ಣೆ, ಕರ್ಪೂರ ತುಂಬಿಸುವ ವಿಡಿಯೋ ಎಲ್ಲರ ಫೋನಿಗೂ ಬಂದಿರುತ್ತದೆ. ಮಾಡಬೇಡಿ. ಆ ಬಾಟಲಿಯ ಬತ್ತಿ ಸೀಮೆಎಣ್ಣೆಯಷ್ಟು ತೆಳುವಾದ ದ್ರವಕ್ಕೆ ಅಂತ ಮಾಡಿದ್ದು. ಬೇವಿನೆಣ್ಣೆ ದಪ್ಪ, ಮೇಲಕ್ಕೆ ಸರಿಯಾಗಿ ಏರುವುದೇ ಇಲ್ಲ. ಏರಿದಷ್ಟು ಆವಿಯಾಗದೆ ಬತ್ತಿಯ ತುದಿಯಲ್ಲಿ ಕರಟಿ ಹೊಗೆ ಕೊಡುತ್ತದೆ. ಸೊಳ್ಳೆಯೂ ಹೋಗುವುದಿಲ್ಲ. ಡೆಂಗೀ, ಮಲೇರಿಯಾ ಓಡಾಡುವ ತಿಂಗಳಲ್ಲಿ ಇದನ್ನು ನಂಬಿ ಪರದೆ ಬಿಚ್ಚಿ ಮಲಗುವುದು ಬೇಡ.

## ಹಂತ 4: ತುಂಬಿಸುವಾಗಿನ ಕ್ರಮ

ತಟ್ಟೆಯ ಯಂತ್ರಕ್ಕೆ ಕ್ರಮ ಹೀಗೆ. ಪ್ಲಗ್ ತೆಗೆಯಿರಿ. ನೀರು ಹಾಕಿ. ಆಮೇಲೆ ಎಣ್ಣೆ. ಮುಚ್ಚಳ. ಕೊನೆಗೆ ಸ್ವಿಚ್. ಒಣ ತಟ್ಟೆಯ ಮೇಲೆ ನೇರ ಎಣ್ಣೆ ಬಿದ್ದರೆ ಪೊರೆ ಕಟ್ಟುವುದು ಅಲ್ಲಿಂದಲೇ ಶುರು.

ನೀರು ಒಳಗಿನ ಗೆರೆಯವರೆಗೆ ಮಾತ್ರ. ಗೆರೆ ದಾಟಿ ತುಂಬಿಸಿದರೆ ತಟ್ಟೆಯ ಮೇಲೆ ನೀರಿನ ಭಾರ ಹೆಚ್ಚಾಗಿ ಮಂಜು ಕಡಿಮೆಯಾಗುತ್ತದೆ. ನನಗೆ ಬರುವ 'ಹೊಸ ಯಂತ್ರ, ಮಂಜೇ ಇಲ್ಲ' ಫೋನ್‌ಗಳಲ್ಲಿ ಇದು ಮಾಮೂಲು. ಒಂದು ಲೋಟ ನೀರು ಚೆಲ್ಲಿ ಅಂತೀನಿ. ಎರಡು ನಿಮಿಷಕ್ಕೆ "ಬಂತು ಬಂತು" ಅನ್ನುತ್ತಾರೆ. ನೀರು ಚೆಲ್ಲುವಾಗ ಗಾಳಿ ಬರುವ ಕಿಂಡಿಯ ಎದುರು ಬದಿಯಿಂದ ಚೆಲ್ಲಿ. ಕಿಂಡಿಗೆ ನೀರು ಹೋದರೆ ಒಳಗಿನ ಫ್ಯಾನು, ಬೋರ್ಡು ಎರಡೂ ಹೋದವು.

ಯಾವ ನೀರು? ಇಲ್ಲಿ ಊರಿನ ಮಾತು ಬರುತ್ತದೆ. ಮುಂಬೈ ನಗರಕ್ಕೆ ಭಾತ್ಸಾ, ತಾನ್ಸಾ, ವೈತರಣಾ ಕಡೆಯ ಕೆರೆ ನೀರು ಬರುತ್ತದೆ, ಗಡಸಲ್ಲ. ನಲ್ಲಿ ನೀರು ನಡೆಯುತ್ತದೆ. ಬೋರ್‌ವೆಲ್, ಟ್ಯಾಂಕರ್ ಮೇಲೆ ನಿಂತ ಸೊಸೈಟಿಗಳ ಕಥೆ ಬೇರೆ. ಪುಣೆಯ ವಾಕಡ್‌ನಲ್ಲಿರುವ ನಮ್ಮ ಭಾವನ ಮನೆಯಲ್ಲಿ ಟಿವಿ ಮೇಲೆ, ಕಪ್ಪು ಮೇಜಿನ ಮೇಲೆ ದಿನಾ ಬಿಳಿ ಧೂಳು. "ರಸ್ತೆ ಕೆಲಸದ್ದು" ಅಂತ ಭಾವ ಕಿಟಕಿ ಹಾಕಿ ಕೂತಿದ್ದರು. ಕಿಟಕಿ ಹಾಕಿದರೆ ಧೂಳು ಇನ್ನೂ ಜಾಸ್ತಿ! ಅದು ಟ್ಯಾಂಕರ್ ನೀರಿನ ಸುಣ್ಣ. ಈ ಯಂತ್ರ ನೀರನ್ನು ಕುದಿಸುವುದಿಲ್ಲ, ಚೂರು ಮಾಡಿ ಎಸೆಯುತ್ತದೆ. ನೀರಿನಲ್ಲಿದ್ದ ಸುಣ್ಣವೂ ಜೊತೆಗೆ ಹಾರಿ, ಮಂಜು ಆರಿದ ಮೇಲೆ ಪುಡಿಯಾಗಿ ಕೂರುತ್ತದೆ. ಆರ್‌ಓ ನೀರು ಹಾಕಿದ ವಾರದಲ್ಲಿ ಧೂಳು ನಿಂತಿತು. ಎಸಿಯಿಂದ ಸೋರುವ ನೀರು ಶುದ್ಧ ಅಂತ ಕೆಲವರು ಹಿಡಿದಿಟ್ಟು ಹಾಕುತ್ತಾರೆ. ಅದರಲ್ಲಿ ಸುಣ್ಣ ಇಲ್ಲ ನಿಜ, ಎಸಿ ಒಳಗಿನ ಕೊಳೆಯೂ ಸೂಕ್ಷ್ಮಜೀವಿಗಳೂ ಇರುತ್ತವೆ. ಬೇಡ.

ಕಡ್ಡಿ ಬಾಟಲಿಯಲ್ಲಿ ಕಡ್ಡಿ ಹಾಕಿ ಒಂದು ಗಂಟೆ ಬಿಟ್ಟು ತಲೆಕೆಳಗೆ ಮಾಡಿ. ಆಮೇಲೆ ವಾರಕ್ಕೊಮ್ಮೆ ಮಗುಚಿದರೆ ಸಾಕು. ದಿನಾ ಮಗುಚಿದರೆ ಎಣ್ಣೆ ತಿಂಗಳೊಳಗೆ ಖಾಲಿ. ಕೆಳಗೆ ತಟ್ಟೆ ಇಡುವುದು ಮರೆಯಬೇಡಿ. ಈ ತೈಲಗಳು ಮರದ ಪಾಲಿಷ್ ತಿನ್ನುತ್ತವೆ, ಕೆಲವು ಪ್ಲಾಸ್ಟಿಕ್‌ಗಳನ್ನೂ ತಿನ್ನುತ್ತವೆ. ನಂಬಿಕೆ ಬಾರದಿದ್ದರೆ ಥರ್ಮಾಕೋಲ್ ಚೂರಿನ ಮೇಲೆ ಒಂದು ಹನಿ ಕಿತ್ತಳೆ ತೈಲ ಬಿಡಿ. ನೋಡ ನೋಡುತ್ತಲೇ ತಗ್ಗು ಬೀಳುತ್ತದೆ. ತೈಲವನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ, ರಬ್ಬರ್ ಬುರುಡೆಯ ಡ್ರಾಪರ್‌ನಲ್ಲಿ ತುಂಬಿಸಿ ಇಡಬೇಡಿ ಅನ್ನುವುದು ಇದಕ್ಕೇ.

## ಹಂತ 5: ಕೋಣೆ ಮತ್ತು ಕಾಲ

ಮುಂಬೈಯ ಜುಲೈಗೆ ತಟ್ಟೆಯ ಯಂತ್ರ ಸರಿಯಾದ ಜೋಡಿ ಅಲ್ಲ. ಲೆಕ್ಕ ಹಾಕಿ ನೋಡೋಣ. 10 ಅಡಿ ಉದ್ದ, 10 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರದ ಕೋಣೆಯಲ್ಲಿ ಸುಮಾರು 27 ಘನ ಮೀಟರ್ ಗಾಳಿ ಇರುತ್ತದೆ. 28 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. ಇಡೀ ಕೋಣೆಗೆ ಸುಮಾರು 730 ಗ್ರಾಂ. ಮಳೆಗಾಲದಲ್ಲಿ ಅದರ ಶೇ. 85 ಭಾಗ ಆಗಲೇ ತುಂಬಿರುತ್ತದೆ. ಉಳಿದ ಜಾಗ ಬರೀ 110 ಗ್ರಾಂ. ಬಾಗಿಲು ಹಾಕಿ 100 ಮಿಲಿ ಮಂಜು ಬಿಟ್ಟರೆ ಆ ಜಾಗವೂ ತುಂಬಿತು. ಮೊದಲ ನೀರು ಕಾಣುವುದು ಹೊರಗೋಡೆಯ ಮೂಲೆಯಲ್ಲಿ, ಕಪಾಟಿನ ಹಿಂದೆ. ಬೂಷ್ಟಿನ ವಾಸನೆ ಓಡಿಸಲು ಹೋಗಿ ಬೂಷ್ಟಿಗೆ ನೀರು ಹಾಕಿದ ಹಾಗೆ.

ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಡೊಂಬಿವಲಿ ಮನೆಯಲ್ಲಿ ಕಡ್ಡಿ ಬಾಟಲಿ, ದೇವರ ಕೋಣೆಯಲ್ಲಿ ಕರ್ಪೂರದಾನಿ. ತಟ್ಟೆಯ ಯಂತ್ರ ಹೊರಬರುವುದು ದೀಪಾವಳಿ ಕಳೆದ ಮೇಲೆ. ಪುಣೆಯ ಚಳಿಗಾಲಕ್ಕೆ, ಒಣ ಬೇಸಿಗೆಗೆ ಅದು ಹೇಳಿ ಮಾಡಿಸಿದ್ದು. ಎಸಿ ಹಾಕಿದ ಕೋಣೆಯಲ್ಲೂ ಪರವಾಗಿಲ್ಲ.

ಕಡ್ಡಿ ಬಾಟಲಿ ಫ್ಯಾನಿನ ನೇರ ಕೆಳಗೆ ಬೇಡ, ಕಿಟಕಿಯ ಬಿಸಿಲಿಗೂ ಬೇಡ. ಜನ ಓಡಾಡುವ ಬಾಗಿಲ ಬಳಿ ಇಡಿ. ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ಪರಿಚಯದ ಶೆಟ್ರು ಒಬ್ಬರು ಇದನ್ನು ಕೈತೊಳೆಯುವ ಜಾಗದಲ್ಲಿ ಇಟ್ಟು ನೋಡಿದರು. ಊಟದ ಕಡೆಗೆ ಪರಿಮಳ ಹೋದರೆ ಸಾಂಬಾರಿನ ಘಮ ಕೆಡುತ್ತದೆ ಅಂತ ಅವರದೇ ಲೆಕ್ಕ. ಬಹಳ ಸರಿಯಾದ ಲೆಕ್ಕ ಅದು.

ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ, ನೀಲಗಿರಿ, ಪುದೀನ, ಕಿತ್ತಳೆ ತೈಲ ಬೇಡ. ಈ ತೈಲಗಳ ಕೆಲವು ಅಂಶಗಳನ್ನು ಬೆಕ್ಕಿನ ಲಿವರ್ ನಮ್ಮ ಲಿವರ್‌ನಷ್ಟು ಚೆನ್ನಾಗಿ ಹೊರಹಾಕುವುದಿಲ್ಲ. ಪಂಜರದ ಹಕ್ಕಿ ಇರುವ ಕೋಣೆಯಲ್ಲಿ ಯಾವುದೂ ಬೇಡ. ಅಸ್ತಮಾ ಇರುವವರು, ಕೈಕೂಸು ಇರುವ ಕೋಣೆಗೂ ಇದೇ ಮಾತು.

## ಹಂತ 6: ತೊಳೆಯುವುದು

ಎಣ್ಣೆ ಬದಲಿಸುವ ಪ್ರತಿ ಸಲವೂ ತೊಳೆಯಿರಿ. ಬದಲಿಸದಿದ್ದರೆ ವಾರಕ್ಕೊಮ್ಮೆ. ನಿಂತ ನೀರನ್ನು ರಾತ್ರಿಯಿಡೀ ಬಿಡಬೇಡಿ.

ತಟ್ಟೆಯ ಮೇಲೆ ಎರಡು ಬಗೆಯ ಕೊಳೆ ಕೂರುತ್ತದೆ, ಎರಡಕ್ಕೂ ಮದ್ದು ಬೇರೆ. ಬೆರಳಿಗೆ ಜಾರಿದರೆ ಎಣ್ಣೆ. ಹತ್ತಿಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಮೆತ್ತಗೆ ಒರೆಸಿ. ಬೆರಳಿಗೆ ಉಪ್ಪುಕಾಗದದ ಹಾಗೆ ತಾಗಿದರೆ ಸುಣ್ಣ. ಒಂದು ಪಾಲು ವಿನೆಗರಿಗೆ ಒಂದು ಪಾಲು ನೀರು ಸೇರಿಸಿ ತಟ್ಟೆ ಮುಳುಗುವಷ್ಟು ಹಾಕಿ, ಹದಿನೈದು ನಿಮಿಷ ಬಿಟ್ಟು ಒರೆಸಿ. ಎರಡೂ ಇದ್ದರೆ ಮೊದಲು ಎಣ್ಣೆ ತೆಗೆಯಿರಿ. ಎಣ್ಣೆಯ ಪೊರೆ ಇರುವವರೆಗೆ ವಿನೆಗರ್ ಸುಣ್ಣವನ್ನು ಮುಟ್ಟುವುದೇ ಇಲ್ಲ. ಜನ ವಿನೆಗರ್ ಹಾಕಿ ಹಾಕಿ ಸೋಲುವುದು ಈ ಕಾರಣಕ್ಕೆ. ಚಾಕು, ಸೂಜಿ, ಪಾತ್ರೆ ಉಜ್ಜುವ ಸ್ಟೀಲ್ ನಾರು ಯಾವುದೂ ಬೇಡ. ಗೀರು ಬಿದ್ದ ತಟ್ಟೆ ಸರಿಯಾಗಿ ಅದುರುವುದಿಲ್ಲ.

ಗಾಜಿನ ಯಂತ್ರಕ್ಕೆ ಆಲ್ಕೋಹಾಲ್ 2 ಮಿಲಿ ಹಾಕಿ ಕೊಳವೆಯಲ್ಲಿ ಆಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು ಚೆಲ್ಲಿ. ಆಗ ಪ್ಲಗ್ ಹೊರಗಿರಲಿ, ಹತ್ತಿರ ದೀಪ, ಗ್ಯಾಸ್ ಉರಿಯುತ್ತಿರಬಾರದು. ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ. ಕಡ್ಡಿಯನ್ನು ತೊಳೆಯಲು ಆಗುವುದಿಲ್ಲ. ಎಣ್ಣೆ ಬದಲಿಸಿದರೆ ಕಡ್ಡಿಯೂ ಹೊಸದು.

## ಇವುಗಳಿಗೆ ಎಣ್ಣೆ ಹಾಕಲೇಬಾರದು

ಮನೆಯಲ್ಲಿ ಅಸ್ತಮಾಕ್ಕೆ ಅಂತ ಇಟ್ಟುಕೊಂಡ ನೆಬ್ಯುಲೈಸರ್‌ಗೆ ನೀಲಗಿರಿ ಎಣ್ಣೆ ಹಾಕಬಹುದಾ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಹೆಸರು ಒಂದೇ, ಕೆಲಸ ಬೇರೆ. ಅದು ಹನಿಯನ್ನು ನೇರ ಶ್ವಾಸಕೋಶದ ಆಳಕ್ಕೆ ಕಳಿಸುತ್ತದೆ. ಎಣ್ಣೆ ಅಲ್ಲಿಗೆ ಹೋದರೆ ನ್ಯುಮೋನಿಯಾ ಆಗಬಹುದು. ಡಾಕ್ಟರು ಬರೆದ ಔಷಧ ಬಿಟ್ಟು ಅದಕ್ಕೆ ಏನೂ ಹಾಕಬಾರದು.

ಇನ್ನೊಂದು ಪ್ರಶ್ನೆ ಹುಡುಗರಿಂದ ಬರುತ್ತದೆ: ವೇಪ್‌ಗೆ ಈ ಎಣ್ಣೆ ಹಾಕಬಹುದಾ? ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ಸಾಗಣೆ, ದಾಸ್ತಾನು ಎಲ್ಲವೂ 2019ರ ಕಾಯ್ದೆಯಿಂದ ಭಾರತದಲ್ಲಿ ನಿಷಿದ್ಧ. ಕಾಯ್ದೆ ಬದಿಗಿಟ್ಟರೂ ಉತ್ತರ ಅದೇ. ಅಮೆರಿಕದಲ್ಲಿ ಅದೇ ವರ್ಷ ವೇಪ್ ಎಳೆದ ಸಾವಿರಾರು ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದರು. ತನಿಖೆಯಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ತೊಂದರೆ ಕೊಡದ ವಸ್ತು ಅದು.

## ಹಂತ 7: ತೊಂದರೆ ಬಂದಾಗ ಎಲ್ಲಿ ನೋಡಬೇಕು

ಲೈಟ್ ಉರಿಯುತ್ತದೆ, ಮಂಜಿಲ್ಲ. ಮೊದಲು ನೀರಿನ ಮಟ್ಟ ನೋಡಿ. ಆಮೇಲೆ ತಟ್ಟೆ ಒರೆಸಿ. ಆಮೇಲೆ ಅಡಾಪ್ಟರ್ ನೋಡಿ. ಹೆಚ್ಚಿನ ತಟ್ಟೆಯ ಯಂತ್ರಗಳಿಗೆ 24 ವೋಲ್ಟ್ ಬೇಕು. ವೈಫೈ ಪೆಟ್ಟಿಗೆಯ 12 ವೋಲ್ಟಿನ ಅಡಾಪ್ಟರ್ ಪಿನ್ನು ಅದಕ್ಕೂ ಸರಿಯಾಗಿ ಕೂರುತ್ತದೆ. ಲೈಟು ಹತ್ತುತ್ತದೆ, ತಟ್ಟೆ ಅದುರುವುದಿಲ್ಲ. ತಿರುಗಿ 24 ವೋಲ್ಟಿನದ್ದನ್ನು ವೈಫೈಗೆ ಸಿಕ್ಕಿಸಿದರೆ ವೈಫೈ ಪೆಟ್ಟಿಗೆ ಸುಟ್ಟುಹೋಗಬಹುದು. ಎರಡಕ್ಕೂ ಬಣ್ಣದ ಟೇಪ್ ಸುತ್ತಿ ಇಡಿ.

ಮಂಜಿದೆ, ಪರಿಮಳ ಇಲ್ಲ. ಮಂಜು ನೀರಿನದು, ಎಣ್ಣೆ ಹಳೆಯದು. ಅಥವಾ ನಿಮ್ಮ ಮೂಗು ಒಗ್ಗಿಹೋಗಿದೆ. ಹನಿ ಹೆಚ್ಚಿಸುವ ಮುಂಚೆ ಹೊರಗೆ ಹತ್ತು ನಿಮಿಷ ಸುತ್ತಿ ಬನ್ನಿ.

ಗಾಜಿನ ಯಂತ್ರ ಗುಳುಗುಳು ಅನ್ನುತ್ತದೆ, ಏನೂ ಬರುವುದಿಲ್ಲ. ಕೊಳವೆ ಕಟ್ಟಿದೆ. ತೊಳೆದು, ಮುಂದಿನ ಸಲ ಎಣ್ಣೆ ತೆಳು ಮಾಡಿ.

ತಲೆನೋವು, ಕೆಮ್ಮು, ಕಣ್ಣುರಿ. ಯಂತ್ರ ಆರಿಸಿ, ಕಿಟಕಿ ತೆರೆಯಿರಿ. ಎಣ್ಣೆ ಒಗ್ಗುತ್ತಿಲ್ಲ, ಇಲ್ಲವೇ ಜಾಸ್ತಿಯಾಗಿದೆ.

ಸುಟ್ಟ ವಾಸನೆ, ಅಡಾಪ್ಟರ್ ಕೈ ಸುಡುತ್ತದೆ. ಪ್ಲಗ್ ಕಿತ್ತು ಹಾಗೇ ಬಿಡಿ. ನೀರಿಲ್ಲದೆ ಓಡಿ ತಟ್ಟೆ ಸುಟ್ಟಿರಬಹುದು.

ಎಣ್ಣೆಯೇ ಕೆಟ್ಟಿದೆ. ಕಿತ್ತಳೆ, ನಿಂಬೆ ತೈಲ ತೆರೆದು ವರ್ಷ ದಾಟಿದರೆ ಪೇಂಟಿನ ವಾಸನೆ ಬರಲು ಶುರುವಾಗುತ್ತದೆ, ಸ್ವಲ್ಪ ಅಂಟೂ ಆಗುತ್ತದೆ. ಗ್ಯಾಸ್ ಒಲೆಯ ಪಕ್ಕದ ಕಪಾಟಿನಲ್ಲಿ ಇಟ್ಟರೆ ಇನ್ನೂ ಬೇಗ.

ಅತ್ತೆಯ ಯಂತ್ರ ಒಂದೂವರೆ ಗಂಟೆಯಲ್ಲಿ ಸರಿಯಾಯಿತು. ಮೊದಲು ಪಾತ್ರೆ ಸೋಪು ಹಾಕಿದ ಬೆಚ್ಚನೆ ನೀರು, ಆಮೇಲೆ ಆಲ್ಕೋಹಾಲ್, ಮಾಟುಂಗಾದ ನೀರಿಗೆ ವಿನೆಗರ್ ಬೇಕಾಗಲಿಲ್ಲ. ಇಷ್ಟು ಮಾಡಿದರೂ ಮಂಜು ಬಾರದಿದ್ದರೆ ತಟ್ಟೆ ಬದಲಿಸಬೇಕು. ಮುಂಬೈಯಲ್ಲಾದರೆ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಾದರೆ ತಪಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. 16, 20, 25 ಮಿಲಿಮೀಟರ್ ಅಂತ ಬೇರೆ ಬೇರೆ ಅಳತೆ ಇವೆ, ಅದುರುವ ವೇಗವೂ ಬೇರೆ. ಬಾಯಲ್ಲಿ ಹೇಳಿದರೆ ಯಾವುದೋ ಒಂದು ಕೈಗಿಡುತ್ತಾರೆ. ಹಳೇ ತಟ್ಟೆಯನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಯಂತ್ರದ ತಳದಲ್ಲಿರುವ ಚೀಟಿಯ ಫೋಟೋ ಕೂಡ ಇರಲಿ.